ನಾನು ರಾಣಿಯನ್ನು ತಂಗಿಯ ಮನೆಗೆ ಕಳಿಸಿದ್ದು

ಒಬ್ಬ ರಾಣಿಯನ್ನು ಆಕೆಯ ತಂಗಿಯ ಮನೆಗೆ ಕಳಿಸಿದವನು ನಾನು. ಖರೇ ಹೇಳಬೇಕೆಂದರೆ ಆಕೆ ಹೋಗಿರಲಿಲ್ಲ. ಹೋಗುವ ಮನಸ್ಸು ಮಾಡಿ, ಕಾರು ತೆಗೆಸಿ, ತಂಗಿಯ ಅರಮನೆಯ ಗೇಟಿನವರೆಗೆ ಬಂದು, ಒಂದಿಷ್ಟು ಹೊತ್ತು ಕಾರಿನಲ್ಲೇ ಕೂತು, ಹಾಗೇ ಹಿಂದಕ್ಕೆ ತಿರುಗಿಸಿಕೊಂಡು ಹೋದಳು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಆದರೆ ನಾನು ಓದಿ ಹೇಳುತ್ತಿದ್ದ ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಮ್ಯಾಚ್ ಶುರುವಾಗುವುದಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಹಿಂದೆಮುಂದೆ ನೋಡದೆ ಗೇಟು ತೆಗೆಸಿ ರಾಣಿಯನ್ನು ಒಳಗೆ ಕಳಿಸಿಬಿಟ್ಟೆ. ಕಳಿಸಿದ್ದಷ್ಟೇ ಅಲ್ಲ, ಅಕ್ಕ-ತಂಗಿಯರನ್ನು ಎದುರುಬದುರು ಕೂಡಿಸಿ ಉಣ್ಣಿಸಿದೆ. ಇಬ್ಬರ ಕಣ್ಣಲ್ಲೂ ನೀರು ತರಿಸಿದೆ. ಇಷ್ಟೆಲ್ಲ ಮಾಡಿ ಮ್ಯಾಚಿಗೆ ಹೋದೆ. ಈ ಒಂದು ಸುಳ್ಳಿಗಾಗಿ ಮರುದಿನ ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ ಜೇವರ್ಗಿ ತಾಲೂಕಿನವರೆಗೆ ಹೋಗಬೇಕಾಗುತ್ತದೆ ಎಂದು ಗೊತ್ತಿದ್ದರೆ, ಆ ಕಾರನ್ನು ದಾರಿಯಲ್ಲೇ ಪಂಕ್ಚರ್ ಮಾಡಿಸಿ ಬಿಡುತ್ತಿದ್ದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಆಳಂದ ತಾಲೂಕಿನ ಮಾದನಹಿಪ್ಪರಗಾ ನನ್ನೂರು. ಉದ್ಯೋಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದು. ಇದೂ ಒಂದು ಉದ್ಯೋಗವೇ ಎಂದು ಕೇಳಬೇಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರಬೇಕು, ರಜೆ ಇಲ್ಲ, ಬೈಯುವವರು ಬೇಕಾದಷ್ಟು. ಸಂಬಳವೊಂದು ಬಿಟ್ಟರೆ ನೌಕರಿಯ ಎಲ್ಲ ತೊಂದರೆಗಳೂ ಇದರಲ್ಲಿವೆ. ಕಲಬುರಗಿಯಲ್ಲಿ ಕೋಚಿಂಗಿಗೆ ಹೋಗುತ್ತಿದ್ದಾಗ ನಮ್ಮ ಸರ್ ಒಬ್ಬರು, ಇಂಗ್ಲಿಷ್ ಸುಧಾರಿಸಬೇಕಾದರೆ ದಿನಾ ದಪ್ಪನೆಯ ಪುಸ್ತಕವೊಂದರ ಹತ್ತು ಪುಟ ಓದಿ ಎಂದಿದ್ದರು. ನಾನು ಆ ಮಾತಿನಲ್ಲಿ ದಪ್ಪ ಎನ್ನುವುದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಂಡೆ. ಬಸ್‌ಸ್ಟ್ಯಾಂಡಿನ ಹೊರಗೆ ಹಳೇ ಪುಸ್ತಕ ಹರವಿಕೊಂಡು ಕೂತವನ ಹತ್ತಿರ ಹೋಗಿ ಇದ್ದುದರಲ್ಲೇ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡು ಬಂದೆ. ಅದು ದೂರದ ಉತ್ತರದಲ್ಲೆಲ್ಲೋ ಇರುವ ಹಿಮದ ದ್ವೀಪವೊಂದರ ರಾಜಕುಮಾರಿಯ ಆತ್ಮಕತೆ. ಹೊದಿಕೆಯ ಮೇಲೆ ಆಕೆ ನೀಲಿ ಕೋಟು ಹಾಕಿಕೊಂಡು, ಪಕ್ಕದಲ್ಲಿ ಕರುವಿನಷ್ಟು ದೊಡ್ಡ ನಾಯಿಯನ್ನು ನಿಲ್ಲಿಸಿಕೊಂಡು, ಮಂಜಿನೊಳಗೆ ನಗುತ್ತ ನಿಂತಿದ್ದಾಳೆ. ಸಂವಿಧಾನದ ಗೈಡಿನ ಮೇಲೆ ಯಾರಾದರೂ ಹಾಗೆ ನಗುತ್ತ ನಿಂತಿದ್ದರೆ ನಾನು ಇಷ್ಟೊತ್ತಿಗೆ ತಹಸೀಲ್ದಾರನಾಗಿರುತ್ತಿದ್ದೆ.

ಮನೆಗೆ ತಂದು ಸಾಮಾನ್ಯ ಜ್ಞಾನದ ಪುಸ್ತಕಗಳ ನಡುವೆ ತುರುಕಿಟ್ಟಿದ್ದೆ. ಅವ್ವ ಕಸ ಹೊಡೆಯುವಾಗ ಹಿಡಿದಳು.

“ಯಾರಲೇ ಬಸ್ಯಾ ಇಕಿ?”

“ರಾಜಕುಮಾರಿ ಬೇ ಅವ್ವ. ಪರೀಕ್ಷಾಕ್ಕ ಬರ್ತದ.”

“ಇಕಿ ಬರ್ತಾಳ ಪರೀಕ್ಷಾಕ್ಕ?”

“ಇಕಿ ಬರಂಗಿಲ್ಲ. ಇಕಿ ಮ್ಯಾಲ ಪ್ರಶ್ನಿ ಬರ್ತಾವ.”

ಅವ್ವ ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. “ಹುಡುಗಿ ಏನೋ ಲಕ್ಷಣ ಅದಾಳ. ಹಣಿ ಮ್ಯಾಲ ಏನೂ ಇಲ್ಲ. ಯಾವ ಮನಿತನದಾಕಿ?”

“ರಾಜಮನಿತನ ಬೇ.”

“ಅದು ಆತು. ನಮ್ಮ ಪೈಕಿ ಅಲ್ಲಲ್ಲ?” ಎಂದು ಖಾತ್ರಿ ಮಾಡಿಕೊಂಡು, “ಹಂಗಾರ ಓದು. ಓದಾಕ ಏನ್ ಅಡ್ಡಿ ಇಲ್ಲ” ಎಂದು ಪುಸ್ತಕದ ಧೂಳನ್ನು ತನ್ನ ಸೆರಗಿನಿಂದ ಒರೆಸಿಯೇ ಕೊಟ್ಟಳು.

ದಿನಕ್ಕೆ ಹತ್ತು ಪುಟ ಓದಬೇಕಾದವನು ಊಟ ಬಿಟ್ಟು ಓದಲು ಹತ್ತಿದೆ. ಮೊದಮೊದಲು ಸಾಲಿಗೆ ಮೂರು ಸಲ ಮೊಬೈಲಿನ ನಿಘಂಟು ತೆಗೆಯುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಗೊತ್ತಾಗದ ಶಬ್ದ ಬಂದಲ್ಲೆಲ್ಲ ರಾಜಕುಮಾರಿ ಅಳುತ್ತಿದ್ದಾಳೆ ಎಂದು ತಿಳಿದುಕೊಂಡು ಮುಂದೆ ಹೋಗುತ್ತಿದ್ದೆ. ಬಹಳ ಸಲ ಅದು ಸರಿಯೇ ಇರುತ್ತಿತ್ತು. ಆಕೆಯನ್ನು ಸಣ್ಣ ವಯಸ್ಸಿನಲ್ಲೇ ವಸತಿ ಶಾಲೆಗೆ ಹಾಕಿದ್ದರಂತೆ. ಕಿಟಕಿಯ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು ಎಂದು ಎರಡು ಪುಟ ದುಃಖಪಟ್ಟಿದ್ದಾಳೆ. ನಾನು ಆ ಪುಟಗಳನ್ನು ಓದಿದ್ದು ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋದಾಗ, ಅದೇ ಪುಸ್ತಕದಿಂದ ಆಗಾಗ ಗಾಳಿ ಬೀಸಿಕೊಳ್ಳುತ್ತ. ಆದರೂ ನನ್ನ ಕಣ್ಣಿನಿಂದ ನೀರು ಇಳಿಯಿತು. ಅದರಲ್ಲಿ ಅರ್ಧ ಬೆವರು ಇದ್ದಿರಬಹುದು, ಉಳಿದರ್ಧ ನನ್ನ ಹಾಸ್ಟೆಲಿನ ನೆನಪು. ಆಕೆ ಹೊರಗೆ ಕಾಲಿಟ್ಟರೆ ಕ್ಯಾಮೆರಾದವರು ಬೆನ್ನು ಹತ್ತುತ್ತಿದ್ದರಂತೆ. ನಾನು ಹೊರಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕೂತ ಹಿರಿಯರು, “ಏನಪಾ ತಮ್ಮಾ, ಪರೀಕ್ಷಾದು ಏನಾತು?” ಎಂದು ಬೆನ್ನು ಹತ್ತುತ್ತಾರೆ. ಜಗತ್ತಿನಲ್ಲಿ ನಮ್ಮಿಬ್ಬರ ಕಷ್ಟ ಒಂದೇ ಎಂದು ನನಗೆ ಖಾತ್ರಿಯಾಯಿತು.

ಅಭಿಮಾನ ಎನ್ನುವುದು ಪುಸ್ತಕದೊಳಗೇ ನಿಲ್ಲುವುದಿಲ್ಲ, ನಡವಳಿಕೆಗೆ ಇಳಿಯುತ್ತದೆ. ಆಕೆ ಹಾಲು ಹಾಕದ ಚಹಾ ಕುಡಿಯುತ್ತಾಳೆಂದು ನಾನೂ ಹಾಲು ಬೇಡವೆಂದೆ. ಮನೆಯವರು ನನಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿದು ಎರಡು ದಿನ ಬರೀ ಗಂಜಿ ಕೊಟ್ಟರು. ಆಕೆಯ ಮನೆಯಲ್ಲಿ ಮುಳ್ಳುಚಮಚದಿಂದ ಉಣ್ಣುತ್ತಾರೆ ಎಂದು ನಾನು ಕಡಕ್ ರೊಟ್ಟಿಗೆ ಮುಳ್ಳುಚಮಚ ಹಾಕಿದೆ. ರೊಟ್ಟಿ ಸಿಡಿದು ಒಂದು ಚೂರು ಹಾರಿ ಅಪ್ಪನ ಕನ್ನಡಕಕ್ಕೆ ಬಡಿಯಿತು. ಅರಮನೆಯವರು ಜನಕ್ಕೆ ಕೈ ಬೀಸುವುದಕ್ಕೂ ಒಂದು ಕ್ರಮವಿದೆಯಂತೆ. ಮೊಣಕೈ ಅಲುಗಬಾರದು, ಮುಂಗೈ ಮಾತ್ರ ನಿಧಾನಕ್ಕೆ ತಿರುಗಬೇಕು. ಅದನ್ನು ರೂಢಿ ಮಾಡಿಕೊಳ್ಳೋಣ ಎಂದು ಊರ ಹೊರಗೆ ನಿಂತು ಆಳಂದದ ಬಸ್ಸಿಗೆ ಕೈ ಬೀಸಿದೆ. ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, “ಹತ್ತೋನಾದ್ರ ಹತ್ತಲೇ, ಸುಮ್ಕ ಬಲ್ಬ್ ತಿರುವಿದಂಗ ಯಾಕ ಮಾಡಾಕತ್ತಿ?” ಎಂದ. ಹತ್ತಲಿಲ್ಲ. ರಾಜಮನೆತನದವರಿಗೆ ಇಂಥ ಅವಮಾನ ಹೊಸದಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಆಯಿ ಈ ಕತೆಯೊಳಗೆ ಬಂದದ್ದು ನನ್ನ ನಗುವಿನಿಂದ. ಮಧ್ಯಾಹ್ನ ಪಡಸಾಲೆಯಲ್ಲಿ ಆಕೆ ಶೇಂಗಾ ಸುಲಿಯುತ್ತ ಕೂತಿರುತ್ತಾಳೆ, ನಾನು ಕಂಬಕ್ಕೆ ಒರಗಿ ಓದುತ್ತಿರುತ್ತೇನೆ. ನಾನು ಒಬ್ಬನೇ ನಗುವುದನ್ನು ಕಂಡು, “ಏನ್ ಬರ್ದಾಳಲೇ ಆ ಹುಡುಗಿ, ನನಗೂ ಹೇಳು” ಎಂದಳು. ಸಣ್ಣವನಿದ್ದಾಗ ಇದೇ ಪಡಸಾಲೆಯಲ್ಲಿ ಇದೇ ಆಯಿ ನನಗೆ ಕತೆ ಹೇಳುತ್ತಿದ್ದಳು. ಅವಳ ಕತೆಗಳಲ್ಲಿ ರಾಜರಿಗೆ ಏಳು ಅಂತಸ್ತಿನ ಮನೆಯಿದ್ದರೂ ಅವರು ಬೆಳಿಗ್ಗೆ ಎದ್ದು ತಾವೇ ಎಮ್ಮೆ ಹಿಂಡುತ್ತಿದ್ದರು. ಆಗ ನನಗೆ ಅದರಲ್ಲಿ ಯಾವ ತಪ್ಪೂ ಕಂಡಿರಲಿಲ್ಲ. ಈಗ ಸಾಲ ತೀರಿಸುವ ಹೊತ್ತು ಬಂದಿದೆ ಎಂದುಕೊಂಡು ಮೊದಲಿನಿಂದ ಓದಿ ಹೇಳಲು ಶುರು ಮಾಡಿದೆ.

ಓದಿ ಹೇಳುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ರಾಜಕುಮಾರಿಯ ಅಜ್ಜಿಯೇ ಆ ದೇಶದ ರಾಣಿ. ಆಕೆ ಬೆಳಿಗ್ಗೆ ಬೇಯಿಸಿದ ತತ್ತಿ ತಿನ್ನುತ್ತಾಳೆ. ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಬಂದು ಕೂತ ಆಯಿಯ ಎದುರಿಗೆ ತತ್ತಿ ತರುವುದು ಹೇಗೆ? ರಾಣಿಗೆ ಚುರುಮುರಿಯ ಸೂಸಲಾ ತಿನ್ನಿಸಿದೆ. “ಚುರುಮುರಿ ಅಲ್ಲೂ ಸಿಗ್ತಾವ?” ಎಂದಳು ಆಯಿ. “ರಾಣಿಗಿ ಏನ್ ಸಿಗಂಗಿಲ್ಲ ಬೇ” ಎಂದೆ. ಇನ್ನೊಂದು ಕಡೆ ಅರಮನೆಯಲ್ಲಿ ದೊಡ್ಡ ಔತಣ. ಎಲ್ಲರೂ ಗ್ಲಾಸು ಎತ್ತಿ ಕುಡಿಯುತ್ತಾರೆ. ನಾನು ಎಲ್ಲರ ಗ್ಲಾಸಿಗೂ ಮಜ್ಜಿಗೆ ಸುರಿದೆ. ಮುಂದಿನ ಪುಟದಲ್ಲಿ ಏನಿದೆ ಎಂದು ನೋಡಿಕೊಂಡಿರಲಿಲ್ಲ. ಅಲ್ಲಿ ಒಬ್ಬ ಮಂತ್ರಿ ಕುಡಿದು ಕುಡಿದು ಕುರ್ಚಿಯಿಂದ ಕೆಳಗೆ ಬೀಳುತ್ತಾನೆ.

“ಮಜ್ಜಿಗಿ ಕುಡುದು ಬಿದ್ದನಾ?” ಎಂದಳು ಆಯಿ.

“ಹುಳಿ ಮಜ್ಜಿಗಿ ಬೇ.”

“ಎಷ್ಟ್ ದಿನದ್ದಿತ್ತೋ ಪಾಪ” ಎಂದು ಆಯಿ ಮಂತ್ರಿಗಾಗಿ ಮರುಗಿದಳು. ಊಟದ ಮೇಜಿನ ಮೇಲೆ ಒಬ್ಬೊಬ್ಬರಿಗೂ ಏಳೆಂಟು ಚಮಚ ಇಡುತ್ತಾರೆ ಎಂದಾಗ ಮಾತ್ರ ಸಿಟ್ಟಾದಳು. “ಇಷ್ಟೆಲ್ಲ ಸಾಮಾನು ತಿಕ್ಕೋರು ಯಾರು? ಆ ಹೆಣ್ಮಗಳದು ಏನರೆ ಬರ್ದಾಳೇನು?” ಬರೆದಿರಲಿಲ್ಲ. ಆ ಒಂದು ವಿಷಯಕ್ಕೆ ನನ್ನ ರಾಜಕುಮಾರಿಯ ಮೇಲೆ ಆಯಿಗೆ ಕೊನೆಯವರೆಗೂ ಸ್ವಲ್ಪ ಅಸಮಾಧಾನ ಉಳಿಯಿತು.

ಹೀಗೆ ದಿನಾ ಮಧ್ಯಾಹ್ನ ನಡೆಯುತ್ತಿದ್ದ ನಮ್ಮ ದರ್ಬಾರಿನಲ್ಲಿ ಒಂದು ದಿನ ಕಿರೀಟದ ಅಧ್ಯಾಯ ಬಂತು. ರಾಜಕುಮಾರಿಯ ಅಜ್ಜಿಯೇ ಆ ದೇಶದ ರಾಣಿ. ರಾಣಿಗೊಬ್ಬ ತಂಗಿ. ತಂಗಿಯ ಮದುವೆಗೆ ರಾಣಿ ತನ್ನದೊಂದು ಸಣ್ಣ ಕಿರೀಟ ಹಾಕಿಕೊಳ್ಳಲು ಕೊಟ್ಟಿದ್ದಳು. ಮದುವೆ ಮುಗಿದ ಸಂಜೆಯೇ, ಬೀಗರೆಲ್ಲ ಕೂತಿರುವಾಗ, ಅದನ್ನು ವಾಪಸು ಕೇಳಿದಳು. ತಂಗಿ ತಲೆಯ ಮೇಲಿನದನ್ನು ತೆಗೆದು ಮೇಜಿನ ಮೇಲಿಟ್ಟು ಎದ್ದು ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇದನ್ನು ನಾನು ಬಹಳ ಹುರುಪಿನಿಂದ, ಕೈಬಾಯಿ ತಿರುಗಿಸಿ ಹೇಳಿದೆ. ಹೇಳಿ ಮುಗಿಸಿದಾಗ ಆಯಿಯ ಕೈಯಲ್ಲಿನ ಶೇಂಗಾ ಹಾಗೇ ಇತ್ತು.

“ಉಣ್ಣದ ಹೋದ್ಳಾ?” ಎಂದು ಕೇಳಿದಳು.

ಆಗ ನನ್ನ ತಲೆಯಲ್ಲಿ ಬೆಳಕಾಯಿತು. ನಮ್ಮ ಆಯಿಗೂ ಒಬ್ಬ ತಂಗಿ ಇದ್ದಾಳೆ. ನಾವು ಸಣ್ಣಾಯಿ ಎನ್ನುತ್ತೇವೆ, ಹೆಸರು ನೀಲಮ್ಮ. ಇಬ್ಬರೂ ಹುಟ್ಟಿದ್ದು ಅಫಜಲಪುರ ತಾಲೂಕಿನ ಅತನೂರಿನಲ್ಲಿ. ಅಕ್ಕನನ್ನು ನಮ್ಮ ಮಾದನಹಿಪ್ಪರಗಾಕ್ಕೆ ಕೊಟ್ಟರು, ತಂಗಿಯನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ. ನಾನು ಸಣ್ಣವನಿದ್ದಾಗ ಬೇಸಿಗೆ ಬಂತೆಂದರೆ ಇಬ್ಬರೂ ತವರಿಗೆ ಬರುತ್ತಿದ್ದರು, ಬಾಲದಂತೆ ನಾನೂ. ಬಿಸಿಲಿಳಿದ ಮೇಲೆ ಮಾಳಿಗೆಗೆ ನೀರು ಹೊಡೆದು ಕೌದಿ ಹಾಸಿ ಇಬ್ಬರ ನಡುವೆ ನನ್ನನ್ನು ಮಲಗಿಸಿಕೊಳ್ಳುತ್ತಿದ್ದರು. ನೀರು ಬಿದ್ದ ಮಣ್ಣಿನ ವಾಸನೆ, ಇಬ್ಬರ ಸೀರೆಯ ಎಲೆಅಡಿಕೆಯ ವಾಸನೆ, ಮತ್ತು ನನ್ನ ಮುಖದ ಮೇಲಿನಿಂದ ಆ ಕಡೆಗೂ ಈ ಕಡೆಗೂ ಹಾಯುವ ಮಾತು. ಒಬ್ಬಳು ಶುರು ಮಾಡಿದ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ನಗುವುದು ಮಾತ್ರ ಇಬ್ಬರೂ ಕೂಡಿ. ಏನು ಮಾತಾಡುತ್ತಿದ್ದರೋ ಒಂದೂ ನೆನಪಿಲ್ಲ. ನಡುವೆ ಮಲಗಿ ನಿದ್ದೆ ಬಂದಂತೆ ನಟಿಸುತ್ತಿದ್ದ ಆ ಸುಖ ಮಾತ್ರ ಇವತ್ತಿಗೂ ಮೈಯಲ್ಲಿದೆ.

ಅದು ನಿಂತದ್ದು ನಮ್ಮ ಕಾಕನ, ಅಂದರೆ ಅಪ್ಪನ ತಮ್ಮನ ಮದುವೆಯಲ್ಲಿ, ಒಂದು ಸೀರೆಯಿಂದ. ನಮ್ಮಲ್ಲಿ ಮದುವೆ ಎಂದರೆ ಬಂಧುಗಳಿಗೆಲ್ಲ ಸೀರೆ, ಅರಿವೆ ಉಡುಗೊರೆ ಕೊಡಬೇಕು. ಆಹೇರ ಎನ್ನುತ್ತೇವೆ. ಆಹೇರದ ಸೀರೆಯನ್ನು ಯಾರೂ ಉಡುವುದಿಲ್ಲ. ಅದು ಟ್ರಂಕಿನಲ್ಲಿ ಮಲಗಿದ್ದು, ಮುಂದಿನ ಮದುವೆಯಲ್ಲಿ ಎದ್ದು ಇನ್ನೊಬ್ಬರ ಟ್ರಂಕಿಗೆ ಹೋಗುತ್ತದೆ. ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ, ಈ ಸೀರೆಗಳು ತಿರುಗಿದಷ್ಟು ನಮ್ಮ ಸರ್ಕಾರಿ ಬಸ್ಸುಗಳೂ ತಿರುಗಿಲ್ಲ. ಎಲ್ಲರಿಗೂ ಇದು ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒಂದೇ ತೊಡಕು ಎಂದರೆ, ಸೀರೆ ಕೊಡುವಾಗ ಮಡಿಕೆಯ ಮೂಲೆಗೆ ಕುಂಕುಮದ ಬೊಟ್ಟು ಹಚ್ಚಿ ಕೊಡಬೇಕು. ಆ ದಿನ ಆಯಿ ತಂಗಿಗೆ ಬದನೆಕಾಯಿ ಬಣ್ಣದ ಸೀರೆಯೊಂದಕ್ಕೆ ಬೊಟ್ಟು ಹಚ್ಚಿ ಉಡಿಯಲ್ಲಿಟ್ಟಳು. ಸಣ್ಣಾಯಿ ನೋಡುತ್ತಾಳೆ, ಮೂಲೆಯಲ್ಲಿ ಎರಡು ಬೊಟ್ಟು. ಒಂದು ಹಸಿ, ಒಂದು ಒಣಗಿದ್ದು. ಒಣಗಿದ್ದನ್ನು ಹಚ್ಚಿದ್ದು ಸ್ವತಃ ಸಣ್ಣಾಯಿಯೇ, ತನ್ನ ಮಗಳ ಮದುವೆಯಲ್ಲಿ.

“ಅಕ್ಕಾ, ನಾ ಕೊಟ್ಟ ಸೀರಿ ನನಗೇ ಹೊಳ್ಳಿ ಬಂತಲ್ಲ! ಬಡ್ಡಿ ಎಲ್ಲಿ?” ಎಂದಳಂತೆ ಸಣ್ಣಾಯಿ, ಹಂದರ ತುಂಬ ಕೇಳುವಂತೆ. ಆಕೆ ನಗೆಗೆ ಹೇಳಿದ್ದಳೋ ಏನೋ. ಆದರೆ ಹೊಸ ಬೀಗರು ನಕ್ಕುಬಿಟ್ಟರು. ಆಯಿಯ ಮುಖ ಕೆಂಪಾಯಿತು. “ನೀ ಮದಿವಿಗಿ ಬಂದೀದಿಯೋ, ಸೀರಿ ಪರೀಕ್ಷಾ ಮಾಡಾಕ ಬಂದೀದಿಯೋ?” ಎಂದಳು. ಸಣ್ಣಾಯಿ ಸೀರೆಯನ್ನು ಅಲ್ಲೇ ಬಿಟ್ಟು, ಉಣ್ಣದೆ, ಕೊಳಕೂರಿನ ಬಸ್ಸು ಹಿಡಿದಳು. ಅಲ್ಲಿಂದ ಈ ಕಡೆ ವರ್ಷಗಟ್ಟಲೆ ಮಾತಿಲ್ಲ. ಒಬ್ಬಳು ಇರುವ ಕಾರ್ಯಕ್ಕೆ ಇನ್ನೊಬ್ಬಳು ಬರುವುದಿಲ್ಲ. ಅತನೂರಿಗೂ ಬೇರೆ ಬೇರೆ ತಿಂಗಳಲ್ಲಿ ಹೋಗುತ್ತಾರೆ. ಮಾಳಿಗೆ ಅಲ್ಲೇ ಇತ್ತು, ಆಮೇಲೆ ಅದರ ಮೇಲಿನ ಮಾತು ಅರ್ಧರ್ಧವೇ ಆಯಿತು. ಶುರುವಾದದ್ದನ್ನು ಮುಗಿಸುವವರು ಇರಲಿಲ್ಲ. ಯಾರಾದರೂ ರಾಜಿ ಮಾಡಲು ಹೋದರೆ ಆಯಿ ಒಂದೇ ಮಾತು ಆಡುತ್ತಿದ್ದಳು: “ಉಣ್ಣದ ಹೋದಾಕಿ ಆಕಿ. ನಾ ಯಾಕ ಹೋಗ್ಲಿ?”

ಕಿರೀಟದ ಅಧ್ಯಾಯ ಓದಿದ ಮೇಲೆ ಆಯಿಗೆ ಬೇರೆ ಯಾವ ಅಧ್ಯಾಯವೂ ಬೇಡವಾಯಿತು. ನಾನು ರಾಜಕುಮಾರಿಯ ಕುದುರೆ ಸವಾರಿ ಹೇಳಿದರೆ, “ಅದಿರ್ಲಿ, ಅವರು ಮಾತಾಡಿದ್ರಾ?” ಆಕೆಯ ಕಾಲೇಜಿನ ಗೆಳೆಯನ ವಿಷಯ ಹೇಳಿದರೆ, ಅಲ್ಲಿ ನನಗೇ ಹೊಟ್ಟೆಕಿಚ್ಚು ಉರಿಯುತ್ತಿತ್ತು, “ಅದೂ ಇರ್ಲಿ, ಯಾರು ಮೊದಲ ಹೋದ್ರು?” ಕೊನೆಗೆ ಗೇಟಿನ ಪುಟ ಬಂತು. ರಾಣಿ ಕಾರಿನಲ್ಲಿ ಕೂತಿದ್ದಾಳೆ, ಹಿಮ ಬೀಳುತ್ತಿದೆ, ಪಕ್ಕದಲ್ಲಿ ಮೊಮ್ಮಗಳು. “ತಿರುಗಿಸು” ಎಂದು ಡ್ರೈವರಿಗೆ ಹೇಳುತ್ತಾಳೆ. ಮುಂದಿನ ಚಳಿಗಾಲದಲ್ಲಿ ತಂಗಿ ತೀರಿಕೊಳ್ಳುತ್ತಾಳೆ. ಮ್ಯಾಚಿಗಾಗಿ ಸುಳ್ಳು ಹೇಳಿದೆ ಎಂದೆನಲ್ಲ, ಅದು ನಾನು ಗೆಳೆಯರಿಗೆ ಹೇಳುವುದು. ಆ ಪುಟವನ್ನು ಇದ್ದಂತೆ ಓದಲು ನನ್ನಿಂದ ಆಗಲಿಲ್ಲ, ಅಷ್ಟೇ. “ರಾಣಿ ಒಳಗ ಹೋದ್ಳು ಬೇ. ಹೊಸಾ ಸೀರಿ ತಗೊಂಡು ಹೋಗಿದ್ಳು. ಇಬ್ರೂ ಕೂಡಿ ಉಂಡ್ರು” ಎಂದು ಹೇಳಿ ಪುಸ್ತಕ ಮುಚ್ಚಿದೆ. ಆ ದೇಶದಲ್ಲಿ ಸೀರೆ ಎಲ್ಲಿಂದ ಬಂತು ಎಂದು ಆಯಿ ಕೇಳಲಿಲ್ಲ. “ಬೇಶ್ ಆತು” ಎಂದಳು. ಒಂದು ಹಿಡಿ ಶೇಂಗಾ ನನ್ನ ಅಂಗೈಗೆ ಹಾಕಿದಳು.

ಮರುದಿನ ನಾನು ಹಾಸಿಗೆ ಬಿಡುವಷ್ಟರಲ್ಲಿ ಆಯಿ ತಲೆ ಬಾಚಿಕೊಂಡು, ಚೀಲ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

“ಏಳಲೇ. ಕೊಳಕೂರಿಗಿ ಹೋಗೂಣು.”

“ಯಾಕ ಬೇ?”

“ಯಾಕಂದ್ರ? ಅಷ್ಟ್ ದೊಡ್ಡ ದೇಶದ ರಾಣಿ ಹೋಗಿ ಬಂದಾಳ. ನನಗೇನ್ ಕೊಂಬು ಬಂದಾವ?”

ಸಣ್ಣಾಯಿ ಬಾಗಿಲು ಹಾಕಿಕೊಂಡರೆ? ಇಷ್ಟು ವರ್ಷ ಹಟ ಹಿಡಿದ ಆಯಿ, ಹೋಗದೇ ಇದ್ದ ರಾಣಿಯನ್ನು ನಂಬಿ ಹೋಗಿ, ಅವಮಾನ ಮಾಡಿಸಿಕೊಂಡು ಬಂದರೆ ಇನ್ನೊಮ್ಮೆ ಆ ಊರಿನ ಹೆಸರೂ ಎತ್ತುವುದಿಲ್ಲ. ಇಬ್ಬರಿಗೂ ವಯಸ್ಸಾಗಿದೆ. ಇದೇ ಕೊನೆಯ ಸಲ ಆಗಬಹುದು. ಅವ್ವನ ಕಡೆ ನೋಡಿದೆ. ಅವ್ವ “ಹೋಗ್ಲಿ ಬಿಡೋ, ಹೋಗ್ತೇನಿ ಅಂದದ್ದೇ ದೊಡ್ಡದು” ಎಂದು ನನಗೊಂದು ಅಂಗಿ ಇಸ್ತ್ರಿ ಮಾಡಿ ಕೊಟ್ಟಳು.

ಬಸ್ಸಿನಲ್ಲಿ ನಿಜ ಹೇಳಿಬಿಡೋಣ ಎಂದುಕೊಂಡೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಯಿ ಬಸ್ಸಿನಲ್ಲಿ ರಾಣಿಯಂತೆಯೇ ಕೂರುತ್ತಾಳೆ. ಕಂಡಕ್ಟರ್ ಆಕೆಗೆ ಸೊನ್ನೆ ಟಿಕೆಟ್ ಕೊಟ್ಟು ನನ್ನ ಕಡೆ ಕೈ ಚಾಚಿದ. “ಆಯಿ, ಆ ರಾಣಿ ಅದಾಳಲ್ಲ...” ಎಂದು ಶುರು ಮಾಡಿದೆ. “ಹಾಂ, ಆಕಿ ಎಂಥಾ ಸೀರಿ ಒಯ್ದಿದ್ಳು?” ಎಂದಳು ಆಯಿ. ನನ್ನ ಬಾಯಿಗೆ ಬಂದದ್ದು ಬಂದುಬಿಟ್ಟಿತು: “ಇಳಕಲ್ಲಿಂದು.” ಹೀಗಾಗಿ ಆಳಂದದಲ್ಲಿ ಇಳಿದು ಬಟ್ಟೆ ಅಂಗಡಿಗೆ ಹೋದೆವು. ಅಂಗಡಿಯವರು ಹಾಸಿದ ಒಂದೊಂದು ಸೀರೆಯದೂ ಆಯಿ ಬಣ್ಣ ನೋಡಲಿಲ್ಲ, ಅಂಚು ನೋಡಲಿಲ್ಲ; ಮೂಲೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. “ಏನ್ ಹುಡಕಾಕತ್ತೀರಿ ಆಯಿ? ಎಲ್ಲಾ ಹೊಸಾ ಮಾಲ್ ಅದಾವ್ರಿ” ಎಂದು ಅಂಗಡಿಯವರಿಗೆ ಬೇಜಾರು. “ಹೊಸಾದು ಅಂತ ನಾನೂ ಒಮ್ಮಿ ತಿಳ್ಕೊಂಡಿದ್ದೆನಪಾ” ಎಂದಳು ಆಯಿ.

ಕಲಬುರಗಿ, ಜೇವರ್ಗಿ ದಾಟಿ ಕೊಳಕೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಸಣ್ಣಾಯಿಯ ಓಣಿಯ ತಿರುವಿಗೆ ಬಂದೆವು. ಮನೆ ಕಾಣಿಸಿತು. ಆಯಿ ನಿಂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

“ಬಸ್ಯಾ, ನಡಿ, ಹೊಳ್ಳಿ ಹೋಗೂಣು.”

ನಾನು ಪುಸ್ತಕದಲ್ಲಿ ಓದಿದ್ದ ಗೇಟು ಇದೇ ಎಂದು ನನಗೆ ಗೊತ್ತಾಯಿತು. ಹಿಮ ಒಂದು ಇರಲಿಲ್ಲ ಅಷ್ಟೇ. ಹಿಂದೆ ನಾವು ಇಳಿದ ಬಸ್ಸು ಇನ್ನೂ ತಿರುಗಿಸಿಕೊಳ್ಳುತ್ತಿತ್ತು, ಕಂಡಕ್ಟರ್ ಸೀಟಿ ಊದುವುದು ಕೇಳುತ್ತಿತ್ತು. “ಹೊಳ್ಳಿ ಹೋಗಾಕ ಸಂಜೀತನ ಬಸ್ಸಿಲ್ಲ ಬೇ” ಎಂದೆ.

ಸಣ್ಣಾಯಿ ಮನೆಯಲ್ಲಿ ಒಬ್ಬಳೇ ಇದ್ದಳು. ಮಗ, ಸೊಸೆ ಯಾರದೋ ಮದುವೆಗೆ ಹೋಗಿದ್ದರು. ಕಟ್ಟೆಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ತೆಗೆಯುತ್ತ ಕೂತಿದ್ದವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ಯಾರು?”

“ಕಣ್ಣು ಹೋಗ್ಯಾವೇನ್ ನಿನ್ನವ?” ಎಂದಳು ಆಯಿ.

“ಕಣ್ಣು ಬೇಶ್ ಅದಾವ. ಸೀರಿ ಮ್ಯಾಲಿನ ಬೊಟ್ಟೂ ಕಾಣಸ್ತದ.”

ಮುಗಿಯಿತು ಎಂದುಕೊಂಡೆ. ಆಯಿ ಮಾತ್ರ ತಿರುಗಲಿಲ್ಲ. ಮೆಟ್ಟಿಲು ಹತ್ತಿ ಹೋಗಿ, ಚೀಲದಿಂದ ಸೀರೆ ತೆಗೆದು, ಹುಣಸೆಹಣ್ಣಿನ ಪಕ್ಕದಲ್ಲಿ ಇಟ್ಟಳು. “ಹಂಗಾರ ಇದನ್ನ ನೋಡು. ನಾಕೂ ಮೂಲಿ ನೋಡು. ಒಂದರೆ ಬೊಟ್ಟು ಕಂಡ್ರ ಹೇಳು.”

ಸಣ್ಣಾಯಿ ಕೈ ಒರೆಸಿಕೊಂಡು ಸೀರೆ ಎತ್ತಿದಳು. ಖರೇನೇ ನೋಡಲು ಹತ್ತಿದಳು. ಒಂದು ಮೂಲೆ, ಇನ್ನೊಂದು ಮೂಲೆ. ಮಡಿಕೆ ಬಿಚ್ಚಿ, ತಿರುವಿ, ಬಿಸಿಲಿಗೆ ಹಿಡಿದು. ನನ್ನ ಪರೀಕ್ಷೆಯ ಪತ್ರಿಕೆಯನ್ನು ಯಾರಾದರೂ ಇಷ್ಟು ಲಕ್ಷ್ಯ ಕೊಟ್ಟು ನೋಡಿದ್ದರೆ ನಾನು ಎಂದೋ ಪಾಸಾಗುತ್ತಿದ್ದೆ. ಕೊನೆಗೆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಬೊಟ್ಟಿಲ್ಲ” ಎಂದಳು. “ಒಂದೂ ಇಲ್ಲ. ಕುಂಕುಮ ಹಚ್ಚದ ಯಾರರೆ ಸೀರಿ ಕೊಡ್ತಾರೇನ್ ಅಕ್ಕಾ? ಇದೆಂಥಾ ರೀತಿ? ಅವ್ವ ಇದನ್ನ ಕಲಿಸ್ಯಾಳೇನು ನಿನಗ?”

ಸಣ್ಣಾಯಿ ಗೊಣಗುತ್ತ ಒಳಗೆ ಹೋಗಿ ಕುಂಕುಮದ ಭರಣಿ ತಂದು ಅಕ್ಕನ ಮುಂದೆ ಕುಕ್ಕಿದಳು. “ಹಚ್ಚು. ಹಚ್ಚಿ ಕೊಡು.” ಆಯಿ ಹಚ್ಚಿದಳು. ಅವಸರದಲ್ಲಿ ಒಂದರ ಬದಲು ಎರಡು ಬೊಟ್ಟು ಬಿದ್ದವು. ಇಬ್ಬರೂ ಆ ಎರಡು ಬೊಟ್ಟುಗಳನ್ನು ನೋಡಿದರು. ಮೊದಲು ಯಾರು ನಕ್ಕರೋ ನನಗೆ ತಿಳಿಯಲಿಲ್ಲ. ನಗು ಒಂದೇ ಇತ್ತು, ಅತನೂರಿನ ಮಾಳಿಗೆಯ ಮೇಲೆ ನನ್ನ ಮುಖದ ಮೇಲಿನಿಂದ ಹಾಯುತ್ತಿದ್ದುದೇ.

“ಅವತ್ತ ಉಣ್ಣದ ಹೋದಿ” ಎಂದಳು ಆಯಿ, ನಗುವಿನ ನಡುವೆಯೇ. “ನನ್ನ ಮನ್ಯಾಗ, ನನ್ನ ಮಗನ ಮದಿವ್ಯಾಗ, ನೀ ಉಣ್ಣದ ಹೋದಿ.”

“ನೀ ಬಡಸ್ಲಿಲ್ಲ, ನಾ ಉಣ್ಲಿಲ್ಲ. ಇವತ್ತ ಬಡಸು, ಉಣ್ತೇನಿ.”

ಆಯಿ ಕೈಕಾಲು ತೊಳೆದುಕೊಂಡು ತಂಗಿಯ ಅಡುಗೆಮನೆಗೆ ಹೋದಳು. ಯಾವ ಡಬ್ಬಿ ಎಲ್ಲಿದೆ ಎಂದು ಕೇಳಲೇ ಇಲ್ಲ. ತಂಗಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ಆಕೆ ಮೊದಲ ತುತ್ತು ಬಾಯಿಗಿಡುವವರೆಗೆ ಎದುರಿಗೇ ನಿಂತಳು. ಆಮೇಲೆ ತಾನೂ ಕೂತಳು. ನನ್ನ ನೆನಪು ಇಬ್ಬರಿಗೂ ಇರಲಿಲ್ಲ. ನಾನೇ ತಾಟು ಹುಡುಕಿಕೊಂಡು ಮೂಲೆಯಲ್ಲಿ ಕೂತು ಉಂಡೆ. ಊಟದ ನಡುವೆ ಆಯಿ ನನ್ನ ರಾಜಕುಮಾರಿಯ ಪೂರ್ತಿ ಆತ್ಮಕತೆಯನ್ನು ತಂಗಿಗೆ ಹೇಳಿದಳು. ಅದರಲ್ಲಿ ನಾನು ಹೇಳಿದ್ದಕ್ಕಿಂತಲೂ ಬೇರೆ ಬೇರೆ ವಿಷಯಗಳು ಇದ್ದವು.

ಮರುದಿನ ನಾನೊಬ್ಬನೇ ಹೊರಟೆ. ಆಯಿ ಇನ್ನೂ ಸ್ವಲ್ಪ ದಿನ ಇರುತ್ತಾಳಂತೆ. ಹಾಗಂದು ನನ್ನ ಇಸ್ತ್ರಿ ಅಂಗಿಗೆ ಹುಣಸೆಹಣ್ಣಿನ ಕೈ ಒರೆಸಿ ಒಳಗೆ ಹೋದಳು. ಸಣ್ಣಾಯಿ ಬಸ್ಸಿನವರೆಗೆ ಕಳಿಸಲು ಬಂದಳು. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಇಷ್ಟು ಒಳ್ಳೆಯ ಕೆಲಸವಾಗಿರುವಾಗ ಅದರ ಕೀರ್ತಿಯಲ್ಲಿ ಒಂದು ಪಾಲಾದರೂ ನನಗೆ ಬರಲಿ ಎಂಬ ಆಸೆಯೂ ಇತ್ತು ಎಂದು ಇಟ್ಟುಕೊಳ್ಳಿ.

“ಸಣ್ಣಾಯಿ, ಒಂದ್ ಮಾತ್ ಹೇಳ್ತೇನಿ, ಆಯಿಗಿ ಹೇಳಬ್ಯಾಡ. ಆ ರಾಣಿ ತಂಗಿ ಮನಿಗಿ ಹೋಗಿದ್ದೇ ಇಲ್ಲ. ನಾನೇ ಸುಳ್ಳ ಹೇಳಿದ್ದೆ.”

ಸಣ್ಣಾಯಿ ನನ್ನ ಬೆನ್ನ ಮೇಲೊಂದು ಗುದ್ದಿದಳು. “ನಿಮ್ಮ ಆಯಿ ನಿನ್ನಿನೇ ಹೇಳ್ಯಾಳಲೇ. ‘ರಾಣಿ ಹೋದ್ಳೋ ಬಿಟ್ಟಳೋ ಯಾರಿಗಿ ಗೊತ್ತವ್ವ, ನನಗ ಬರಾಕ ಒಂದು ನೆವ ಬೇಕಿತ್ತು. ಮೊಮ್ಮಗ ಹೆಂಗೂ ದಿನಾ ಸುಳ್ಳ ಹೇಳ್ತಾನ, ಒಂದರೆ ಉಪಯೋಗಕ್ಕ ಬರ್ಲಿ ಅಂತ ಬಂದೆ’ ಅಂದ್ಳು.”